'ಚೆರಿ' ಎಂದರೆ ಕಾಫಿ ಹಣ್ಣೇ?

ಪ್ರಶ್ನೆ: ಕಾಫಿ ವ್ಯವಹಾರದ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುವಾಗ 'ಚೆರಿ' ಬಂದ ಕಡೆಯೆಲ್ಲ 'ಕಾಫಿ ಹಣ್ಣು' ಎಂದು ಹಾಕಬಹುದೇ?

ಉತ್ತರ: ಎಲ್ಲ ಕಡೆ ಹಾಕಿದರೆ ಲೆಕ್ಕವೇ ತಪ್ಪುತ್ತದೆ. ಕೊಡಗಿನಲ್ಲಿ ಈ ಒಂದೇ ಪದ ಕಾಫಿಯ ಮೂರು ಹಂತಗಳಿಗೆ ಸಲ್ಲುತ್ತದೆ. ಸಿಪ್ಪೆ ಹಸಿಯೋ, ಒಣಗಿದೆಯೋ, ಹೋಗಿಯೇ ಬಿಟ್ಟಿದೆಯೋ ಎಂದು ಮೊದಲು ನೋಡಿಕೊಳ್ಳಬೇಕು.

ಗಿಡದಲ್ಲಿ ಕೆಂಪಗಿರುವುದು, ಈಗಷ್ಟೇ ಕುಯ್ದದ್ದು ಮೊದಲನೆಯ ಅರ್ಥ. ಇಲ್ಲಿ 'ಹಣ್ಣು' ಸರಿ. ತೋಟದಲ್ಲೂ ಹಣ್ಣು ಕುಯ್ಯುವುದು ಎಂದೇ ಹೇಳುತ್ತಾರೆ, ಚೆರಿ ಕುಯ್ಯುವುದು ಎನ್ನುವವರು ಕಡಿಮೆ.

ತೊಡಕಿರುವುದು ಎರಡನೆಯದರಲ್ಲಿ. ಪಲ್ಪ್ ಮಾಡದೆ, ಅಂದರೆ ಯಂತ್ರದಲ್ಲಿ ಹಸಿ ಸಿಪ್ಪೆ ಸುಲಿಯದೆ, ಇಡಿಯಾಗಿ ಕಣದಲ್ಲಿ ಒಣಗಿಸಿದ್ದು ಚೆರಿ. ಪಲ್ಪ್ ಮಾಡಿ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಿಡಿಯಷ್ಟು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ಆಗ ಒಣಗಿದೆ ಎಂದು ಅರ್ಥ. ಕಾಫಿಯಲ್ಲಿ ರೊಬಸ್ಟಾ, ಅರೇಬಿಕಾ ಎಂದು ಎರಡು ಜಾತಿ; ತೇವಾಂಶದ ಅಳತೆ ರೊಬಸ್ಟಾ ಚೆರಿಗೆ 11 ಶೇಕಡಾ, ಅರೇಬಿಕಾ ಚೆರಿಗೆ 10.5. ಸರಿಯಾಗಿ ಒಣಗದೆ ಚೀಲ ಸೇರಿದರೆ ಬೂಷ್ಟು ಹಿಡಿಯುತ್ತದೆ, ತೂಕದಲ್ಲೂ ಕಡಿತ ಬೀಳುತ್ತದೆ. ಪೇಟೆಯಲ್ಲಿ '50 ಕೆಜಿ ರೊಬಸ್ಟಾ ಚೆರಿ' ಎಂದರೆ ಈ ಒಣ ಸರಕು. 100 ಕೆಜಿ ಹಣ್ಣು ಒಣಗಿ 40 ಕೆಜಿಯ ಆಸುಪಾಸಿಗೆ ಇಳಿಯುವುದರಿಂದ, '50 ಕೆಜಿ ಹಣ್ಣು' ಎಂದು ಅನುವಾದಿಸಿದವರು ಸರಕನ್ನು ಅರ್ಧಕ್ಕಿಂತ ಕಡಿಮೆ ಮಾಡಿದಂತಾಯಿತು.

ಇನ್ನೂ ಒಂದಿದೆ. ಹಸಿರುಕಾಯಿ ಪಲ್ಪರಿನಲ್ಲಿ ಸರಿಯಾಗಿ ಸುಲಿಯುವುದಿಲ್ಲ, ಆದ್ದರಿಂದ ಕಾಯಿಯನ್ನೂ ಮರದಲ್ಲೇ ಒಣಗಿದ್ದನ್ನೂ ಹೆಕ್ಕಿ ಬೇರೆ ಹಾಕಿ ಚೆರಿ ಮಾಡುತ್ತಾರೆ. ಹಣ್ಣೇ ಆಗದ್ದೂ ಈ ರಾಶಿಯಲ್ಲಿ ಇರುವಾಗ ಅದನ್ನು 'ಹಣ್ಣು' ಎನ್ನುವುದು ಹೇಗೆ?

ಇದರ ಬೆನ್ನಿಗೇ 'ಓಟಿ' ಬರುತ್ತದೆ, ಔಟ್‌ಟರ್ನ್ ಎಂಬುದರ ಮೊಟಕು. 50 ಕೆಜಿ ಚೀಲದ ಚೆರಿಯಿಂದ ಹೊಟ್ಟು ಕಳೆದು ಎಷ್ಟು ಕೆಜಿ ಬೀಜ ಸಿಕ್ಕಿತೋ ಅಷ್ಟು ಓಟಿ. ಓಟಿಗೆ 220 ರೂಪಾಯಿ ದರ, 27 ಓಟಿ ಬಂತು ಎನ್ನಿ, ಚೀಲಕ್ಕೆ 5,940 ರೂಪಾಯಿ. ಇದನ್ನು 'ಇಳುವರಿ' ಎಂದು ಬರೆದವರಿದ್ದಾರೆ. ಎಕರೆಗೆ ಎಷ್ಟು ಎನ್ನುವುದಕ್ಕೆ ಆ ಮಾತು ಆಗಲೇ ಮೀಸಲಾಗಿದೆ. 'ಓಟಿ' ಎಂದೇ ಬಿಡುವುದು ಒಳ್ಳೆಯದು.

ಮೂರನೆಯದು ದರ್ಜೆಯ ಹೆಸರು. 'ರೊಬಸ್ಟಾ ಚೆರಿ ಎಬಿ' ಚೀಲ ಬಿಚ್ಚಿದರೆ ಸಿಪ್ಪೆಯ ಚೂರೂ ಇಲ್ಲ, ಬರೀ ಬೀಜ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಟ್ಟು ಬಿಡಿಸಿ, ಜರಡಿ ಹಿಡಿದು, ಹೆಕ್ಕಿದ ಮೇಲೂ ಅದು ಚೆರಿಯೇ, ಏಕೆಂದರೆ ಹೆಸರು ಹೇಳುತ್ತಿರುವುದು ಬಂದ ದಾರಿಯನ್ನು. ತೊಳೆದ ಅರೇಬಿಕಾ ಬೀಜಕ್ಕೆ 'ಪ್ಲಾಂಟೇಶನ್ ಎ' ಎನ್ನುವುದೂ ಇದೇ ಬಗೆ. ಅದನ್ನು 'ತೋಟ ಎ' ಎಂದು ಬರೆದರೆ ಯಾರಿಗೆ ತಿಳಿದೀತು? ದರ್ಜೆಯ ಹೆಸರುಗಳನ್ನು ಮುಟ್ಟಬೇಡಿ.

ಕಾಫಿಯ ಹೊರಗಿನ ಅರ್ಥಗಳು ಸಲೀಸು. ಕಾಶ್ಮೀರ, ಹಿಮಾಚಲದಿಂದ ಬರುವ ನಿಜವಾದ ಚೆರ್ರಿಗೂ ಕಾಫಿಗೂ ನಂಟಿಲ್ಲ, ಬಣ್ಣ ಗಾತ್ರ ಕಂಡು ಹೆಸರು ಅಂಟಿಸಿದ್ದು. ಬೇಕರಿ ಕೇಕಿನ ಮೇಲಿನ ಕೆಂಪು 'ಚೆರ್ರಿ' ಎಷ್ಟೋ ಸಲ ಬಣ್ಣ ಕಟ್ಟಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿಕಾಯಿ! 'ಚೆರ್ರಿ ಪಿಕಿಂಗ್' ಎಂದರೆ ವಾದದಲ್ಲಿ ತನಗೆ ಬೇಕಾದ್ದನ್ನಷ್ಟೇ ಹೆಕ್ಕುವುದು, ಅಲ್ಲಿ ಅದು ದೋಷ. ತೋಟದಲ್ಲಿ ಮೊದಲು ಹಣ್ಣಾದದ್ದನ್ನಷ್ಟೇ ಹೆಕ್ಕುವ ಫ್ಲೈ ಪಿಕಿಂಗ್ ಒಳ್ಳೆಯ ಕೆಲಸ. ಈ ಎರಡನ್ನು ಒಂದೇ ಮಾತಿನಲ್ಲಿ ಹೇಳಲು ಹೋಗಬೇಡಿ.

ಕಾಗುಣಿತ: ಕಾಫಿಗೆ 'ಚೆರಿ', ತಿನ್ನುವ ಹಣ್ಣಿಗೆ 'ಚೆರ್ರಿ' ಎಂದು ಬೇರೆಬೇರೆ ಇಟ್ಟುಕೊಂಡರೆ ಓದುವವರಿಗೆ ಅನುಕೂಲ. ಕಾಫಿಯ ಬರಹದಲ್ಲಿ ಮೊದಲ ಸಲ 'ಒಣ ಚೆರಿ' ಎಂದು ಬರೆದು, ಆಮೇಲೆ ಬರೀ 'ಚೆರಿ' ಎಂದರೆ ಸಾಕು.