ಕಾಓರ್ ವೈನಿನ ಒಗರು: ಚೆಲ್ಲಬೇಕೋ, ಕುಡಿಯಬೇಕೋ?

ಬಳ್ಳಾರಿ ಕೌಲ್‌ಬಜಾರ್‌ನವ: ಫ್ರಾನ್ಸಿನ ತುಲೂಸ್‌ನಲ್ಲಿರುವ ಭಾವಮೈದುನ ಊರಿಗೆ ಬರುವಾಗ ಕಾಓರ್ ಎಂಬ ಕೆಂಪು ವೈನ್ ತಂದುಕೊಟ್ಟ. ಕೆಂಪೇನು, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ನಿನ್ನೆ ರಾತ್ರಿ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ಒಗ್ಗರಣೆ ಮಂಡಕ್ಕಿ, ಮಿರ್ಚಿ ಇಟ್ಟುಕೊಂಡು ಕುಳಿತೆ. ಎಳೆ ಬಾಳೆಕಾಯಿ ಕಚ್ಚಿದಂತೆ ಬಾಯೆಲ್ಲ ಒಗರು! ಮಿರ್ಚಿಯ ಖಾರ ಬೇರೆ ಎರಡು ಪಟ್ಟಾಯಿತು. ಕೆಟ್ಟಿದೆಯೇ? ಅರ್ಧ ಬಾಟಲಿ ಉಳಿದಿದೆ, ಚೆಲ್ಲಲೇ?

ರಾಯಚೂರು ಮೇಷ್ಟರು: ಚೆಲ್ಲಬೇಡಿ ಸರ್. ಕೆಟ್ಟಿದ್ದರೆ ವಿನೆಗರ್‌ನ ಹುಳಿ ವಾಸನೆಯೋ ತೋಯ್ದ ರಟ್ಟಿನ ವಾಸನೆಯೋ ಬರುತ್ತಿತ್ತು. ಕಾಓರ್‌ನಲ್ಲಿ ಕನಿಷ್ಠ ಶೇ. 70ರಷ್ಟು ಮಾಲ್ಬೆಕ್ ದ್ರಾಕ್ಷಿ ಇರಲೇಬೇಕು. ಕಾಓರ್ ಎಂಬುದು ಫ್ರಾನ್ಸಿನ ಒಂದು ಊರು; ಆ ಊರಿನ ವೈನಿಗೆ ‘ಕಪ್ಪು ವೈನ್’ ಎಂದೇ ಹಳೆಯ ಹೆಸರು. ಒಗರು ಟ್ಯಾನಿನ್‌ನದು, ಅಡಿಕೆ, ದಾಳಿಂಬೆ ಸಿಪ್ಪೆಯಲ್ಲಿ ಇರುವಂಥದ್ದೇ. ಅದು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗುತ್ತದೆ. ಕೋಣೆಯ ತಾಪಮಾನದಲ್ಲಿಟ್ಟು ಇನ್ನೊಮ್ಮೆ ಕುಡಿದು ನೋಡಿ.

ಗಂಗಾವತಿ ಅಕ್ಕಿ ವ್ಯಾಪಾರಿ: ಮೇಷ್ಟರೇ, ನಮ್ಮ ಸೋನಾ ಮಸೂರಿ ಅನ್ನ ಉಣ್ಣಲು ಯಾರಿಗಾದರೂ ಪಾಠ ಹೇಳಿಕೊಟ್ಟಿದ್ದೇವೆಯೇ? ಬಾಯಿಗೆ ಹಿತವಾಗದ್ದನ್ನು ‘ಅದರ ಗುಣವೇ ಹಾಗೆ’ ಎಂದು ಸಮರ್ಥಿಸುವುದು ಫ್ರಾನ್ಸಿನ ಚೀಟಿ ಅಂಟಿರುವುದಕ್ಕೆ ಮಾತ್ರ. ಇದೇ ಒಗರು ಇಲ್ಲಿನ ಬಾಟಲಿಯಲ್ಲಿ ಇದ್ದಿದ್ದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಿದ್ದೆವು.

ಸಿಂಧನೂರಿನ ಅಕ್ಕ: ಮೊದಲ ಸಲ ಎಲೆ ಅಡಿಕೆ ಹಾಕಿಕೊಂಡ ದಿನ ಮರೆತಿರಾ ಅಣ್ಣ? ನಾನಂತೂ ಹಿತ್ತಲಿಗೆ ಓಡಿ ಉಗುಳಿದ್ದೆ. ಈಗ ಊಟವಾದ ಮೇಲೆ ಅದಿಲ್ಲದೆ ಆಗುವುದಿಲ್ಲ.

ಕುಷ್ಟಗಿ ದ್ರಾಕ್ಷಿ ತೋಟ: ಮೇಷ್ಟರು ಹೇಳಿದ್ದೆಲ್ಲ ಸರಿ, ಕೋಣೆಯ ಮಾತೊಂದು ಬಿಟ್ಟು. ಯಾವ ಕೋಣೆ? ಮೇ ತಿಂಗಳ ಬಳ್ಳಾರಿ ಕೋಣೆಯೇ? ಇಂಥ ವೈನಿಗೆ ಬೇಕಾದ್ದು 16ರಿಂದ 18 ಡಿಗ್ರಿ. ಅದಕ್ಕಿಂತ ಬಿಸಿಯಾದರೆ ಮದ್ಯಸಾರದ ಘಾಟು ಮುಂದೆ ಬರುತ್ತದೆ. ನಮ್ಮಲ್ಲಿ ಫ್ರಿಜ್ಜೇ ಗತಿ.

ಅಕ್ಕಿ ಅಣ್ಣನಿಗೆ ಒಂದು ಮಾತು. ನಾವು ತಿನ್ನಲು ಬೆಳೆಯುವ ಬೀಜರಹಿತ ದ್ರಾಕ್ಷಿಗೆ ಜಿಎ (ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆ ಹಾರ್ಮೋನು) ಹೊಡೆದು ಕಾಯಿ ದಪ್ಪ ಮಾಡುತ್ತೇವೆ. ರಸ ಹೆಚ್ಚು, ಸಿಪ್ಪೆ ತೆಳು. ವೈನಿನ ದ್ರಾಕ್ಷಿ ಇದಕ್ಕೆ ತದ್ವಿರುದ್ಧ: ಸಣ್ಣ ಕಾಯಿ, ಸಿಪ್ಪೆ ದಪ್ಪ, ಒಳಗೆ ಬೀಜ. ಬಣ್ಣ ಸಿಪ್ಪೆಯದು, ಒಗರು ಸಿಪ್ಪೆ, ಬೀಜ ಎರಡರದೂ. ಹಾಗಾಗಿ ಅದು ಬೇಕೆಂದೇ ಉಳಿಸಿಕೊಂಡ ರುಚಿ. ಇನ್ನು ಆ ಊರಿನವರ ಪಾಡು ಕೇಳಿ: 1956ರ ಫೆಬ್ರವರಿಯ ಹಿಮಕ್ಕೆ ಬಹುಪಾಲು ಬಳ್ಳಿಗಳು ಸತ್ತವು. ಮತ್ತೆ ನೆಟ್ಟು ಬೆಳೆಸಿ, 1971ರಲ್ಲಿ ಊರಿನ ಹೆಸರಿಗೆ ಕಾನೂನಿನ ಮಾನ್ಯತೆ ಪಡೆದರು. ಏಪ್ರಿಲ್ ಚಾಟನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್ ಚಾಟನಿ ಎಂದು ಒದ್ದಾಡುವ ನನಗೆ ಅದು ಕೇವಲ ಚೀಟಿಯಾಗಿ ಕಾಣುವುದಿಲ್ಲ.

ಗಂಗಾವತಿ ಅಕ್ಕಿ ವ್ಯಾಪಾರಿ: ಅವರ ಕಷ್ಟಕ್ಕೆ ಕೈ ಮುಗಿಯುತ್ತೇನೆ. ಕಷ್ಟಪಟ್ಟು ಬೆಳೆದದ್ದೆಲ್ಲ ನನಗೆ ರುಚಿಸಬೇಕೆಂದಿಲ್ಲವಲ್ಲ.

ಸಿಂಧನೂರಿನ ಅಕ್ಕ: ಅದೂ ನಿಜವೇ. ಆದರೆ ಮಿರ್ಚಿಯ ಜೊತೆ ಕುಡಿದು ವೈನನ್ನು ಬೈಯುವುದು ನ್ಯಾಯವಲ್ಲ. ಖಾರ ಬಿಡಿ, ಕೊಬ್ಬಿರುವ ಮಟನ್ ಮಾಡಿಸಿ.

ಬಳ್ಳಾರಿ ಕೌಲ್‌ಬಜಾರ್‌ನವ: ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೆ. ಇಂದು ಊಟಕ್ಕೆ ಅರ್ಧ ಗಂಟೆ ಮೊದಲು ಹೊರಗೆ ತೆಗೆದು, ಬಾಯಗಲದ ಗಾಜಿನ ಲೋಟಕ್ಕೆ ಹಾಕಿದೆ. ಖಾರ ಕಡಿಮೆ ಮಾಡಿದ ಮಟನ್, ಜೋಳದ ರೊಟ್ಟಿ. ತುಂಡು ಅಗಿದು ಒಂದು ಗುಟುಕು ಕುಡಿದರೆ ಒಗರು ಮೆತ್ತಗಾಗಿ, ನೇರಳೆಯಂಥ ಪರಿಮಳ ತಡವಾಗಿ ಮೇಲೆದ್ದಿತು. ಬರಿದೇ ಕುಡಿದರೆ ಮತ್ತೆ ಅದೇ ಬಾಳೆಕಾಯಿ. ಮನೆಯವಳು ಒಂದು ಗುಟುಕು ಕುಡಿದು, ‘ಕಷಾಯಕ್ಕೆ ಬೆಲ್ಲ ಹಾಕುವುದನ್ನು ಮರೆತಿದ್ದಾರೆ’ ಎಂದಳು. ನಾನು ಮೇಷ್ಟರ ಕಡೆ, ಅವಳು ಅಕ್ಕಿ ಅಣ್ಣನ ಕಡೆ. ಅದಿರಲಿ, ತಳದಲ್ಲಿ ಕಪ್ಪು ಪುಡಿಯಂಥದ್ದು ಕಾಣುತ್ತಿದೆ. ಏನದು?

ಕುಷ್ಟಗಿ ದ್ರಾಕ್ಷಿ ತೋಟ: ಗಷ್ಟು. ಅಪಾಯವೇನಿಲ್ಲ, ಆದರೆ ಕೊನೆಯ ಎರಡು ಗುಟುಕು ಬಾಟಲಿಯಲ್ಲೇ ಬಿಡಿ. ಇಲ್ಲದಿದ್ದರೆ ನಿಮ್ಮ ಮನೆಯವರ ಮಾತೇ ಗೆಲ್ಲುತ್ತದೆ.