ಹಳೇ ಡೆಸ್ಕ್‌ಟಾಪ್ ತಾನಾಗೇ ಆಫ್ ಆಗ್ತಿದೆ: ಎಸ್‌ಎಂಪಿಎಸ್ಸೋ (ಪವರ್ ಸಪ್ಲೈ), ಹಾರ್ಡ್ ಡಿಸ್ಕೋ?

ಹಳೇಡಬ್ಬ:
ದೊಡ್ಡಪ್ಪನ ಮನೆಯಿಂದ ಬಂದ ಡೆಸ್ಕ್‌ಟಾಪ್. ಕೋರ್ 2 ಡ್ಯುಯೋ, 2 ಜಿಬಿಯ ಎರಡು ಡಿಡಿಆರ್2 ರ‍್ಯಾಮ್, 500 ಜಿಬಿ ಸಾಟಾ ಡಿಸ್ಕ್. ವಿಡಿಯೊ ಹಾಕಿದ ಸ್ವಲ್ಪ ಹೊತ್ತಿಗೆ ಧಪ್ಪಂತ ಆಫ್. ಪ್ಲಗ್ ತೆಗೆದು ಹಾಕಿದರೆ ದಿನಾಂಕ ಹಿಂದಕ್ಕೆ ಹೋಗುತ್ತೆ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ವರದಿಯಲ್ಲಿ 197ನೇ ಸಾಲಿನ ರಾ ವ್ಯಾಲ್ಯೂ (ನೇರ ಎಣಿಕೆ) 24, 199ರದ್ದು 310. ಮನೆಯವರ ಫೋಟೊಗಳೆಲ್ಲ ಇದರಲ್ಲೇ ಇವೆ, ಬೇರೆ ಕಾಪಿ ಇಲ್ಲ. ವಿಂಡೋಸಿನ ಡಿಸ್ಕ್ ರಿಪೇರಿ ಪ್ರೋಗ್ರಾಂ ಚೆಕ್‌ಡಿಸ್ಕ್ ಓಡಿಸಲಾ? ಮಲ್ಟಿಮೀಟರ್ ಇದೆ.

ತಿರುಪುಳಿ:
ಚೆಕ್‌ಡಿಸ್ಕ್ ಬೇಡವೇ ಬೇಡ. 197 ಅಂದರೆ ಡಿಸ್ಕಿಗೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು (ಡಿಸ್ಕಿನ ಪುಟ್ಟ ಪುಟ್ಟ ತುಣುಕುಗಳು). ಚೆಕ್‌ಡಿಸ್ಕ್ ರಿಪೇರಿ ಅಂತ ಫೈಲ್ ಸಿಸ್ಟಂ (ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ) ಅನ್ನೇ ತಿದ್ದುತ್ತದೆ, ಸಿಗಬಹುದಾಗಿದ್ದ ಫೋಟೊನೂ ಕೈಬಿಡಬಹುದು.

ಡಿಸ್ಕನ್ನು ಈ ಡಬ್ಬದಿಂದ ಹೊರತೆಗೆದು ಬೇರೆ ಗಟ್ಟಿ ಕಂಪ್ಯೂಟರಿನ ಸಾಟಾ ಪೋರ್ಟಿಗೆ ಹಾಕಿ. ಯುಎಸ್‌ಬಿ ಅಡಾಪ್ಟರ್ ಕೊನೆಯ ಆಯ್ಕೆ, ಕೆಟ್ಟ ಸೆಕ್ಟರ್ ಸಿಕ್ಕಾಗ ಎಷ್ಟೋ ಅಡಾಪ್ಟರ್‌ಗಳು ಸಂಪರ್ಕವನ್ನೇ ಬಿಟ್ಟುಬಿಡುತ್ತವೆ. ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಹಳೇ ಡಿಸ್ಕನ್ನು ಮೌಂಟ್ ಮಾಡದೆ (ಫೈಲ್ ನೋಡಲು ತೆರೆಯದೆ) ಡಿಡಿರೆಸ್ಕ್ಯೂ ಓಡಿಸಿ, ಅದು ಕೆಟ್ಟ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ನಕಲು, ತೆಗೆಯುವ ಪ್ರೋಗ್ರಾಂ. ಮೊದಲ ಸುತ್ತು ಎನ್ (-n) ಆಯ್ಕೆಯಲ್ಲಿ, ಸುಲಭಕ್ಕೆ ಓದಿಸಿಕೊಳ್ಳುವುದು ಬರಲಿ. ಹಠ ಹಿಡಿದವಕ್ಕೆ ಆಮೇಲೆ ಆರ್3 (-r3), ಅಂದರೆ ಮೂರು ಸಲ ಮರುಪ್ರಯತ್ನ. ಎಷ್ಟು ಓದಿಯಾಯಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆತರೆ ನಡುವೆ ನಿಂತಾಗ ಮತ್ತೆ ಮೊದಲಿಂದ. ಮೂಲ ಯಾವುದು, ಗುರಿ ಯಾವುದು ಅಂತ ಡಿಸ್ಕಿನ ಸೀರಿಯಲ್ ನಂಬರ್ ನೋಡಿಯೇ ಎಂಟರ್ ಒತ್ತಿ. ಅದಲು ಬದಲಾದರೆ ಫೋಟೊಗಳ ಮೇಲೇ ಬರೆದುಬಿಡುತ್ತದೆ.

199 ಬೇರೆ ಕಥೆ, ಅದು ಸಾಗಣೆಯ ದೋಷ, ಹೆಚ್ಚಾಗಿ ಸಾಟಾ ಕೇಬಲ್ಲಿನದು. ಕೇಬಲ್ ಬದಲಿಸಿದರೂ 310 ಇಳಿಯುವುದಿಲ್ಲ, ಏರದಿದ್ದರೆ ಸಾಕು.

ಬೆಸುಗೆಕಡ್ಡಿ:
ಮೇಲಿನದಕ್ಕೆ ಒಪ್ಪಿಗೆ. ಆದರೆ ಆಫ್ ಆಗುವುದಕ್ಕೂ ಡಿಸ್ಕಿಗೂ ಸಂಬಂಧ ಕಡಿಮೆ. ಕೆಲಸ ಹೆಚ್ಚಾದಾಗ ಕರೆಂಟು ಹೋದಂತೆ ಆರಿದರೆ ಒಂದೋ ಶಾಖ, ಇಲ್ಲ ಪವರ್.

ಶಾಖ ಮೊದಲು ನೋಡಿ. ಇಂಟೆಲ್ ಜೊತೆಗೆ ಬರುವ ಹೀಟ್‌ಸಿಂಕಿಗೆ (ಪ್ರೊಸೆಸರಿನ ಶಾಖ ಹೀರುವ ಲೋಹದ ತುಂಡು) ಒತ್ತಿ ಕೂರಿಸುವ ನಾಲ್ಕು ಪಿನ್ ಇರುತ್ತವೆ, ಅದರಲ್ಲಿ ಒಂದು ಎದ್ದಿದ್ದರೂ ಸಾಕು. ಅಲುಗಾಡಿದರೆ ಬಿಚ್ಚಿ, ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸದು ಹಚ್ಚಿ.

ಆಮೇಲೆ ಮೀಟರ್. ಡಿಸಿ 20 ವೋಲ್ಟ್ ರೇಂಜ್, ಖಾಲಿ ಇರುವ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನಲ್ಲಿ ಕಪ್ಪು ತಂತಿಗೆ ಕಪ್ಪು ಪ್ರೋಬ್. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25 ಒಳಗೆ ಇರಬೇಕು. ವಿಡಿಯೊ ಓಡುತ್ತಿರುವಾಗಲೇ ಅಳೆಯಿರಿ. ಹಸಿರು ತಂತಿಗೂ ಕಪ್ಪು ತಂತಿಗೂ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಲೋಡೇ ಇರುವುದಿಲ್ಲ. ಅದರಲ್ಲಿ ಪಾಸಾದ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ಅರ್ಥವಲ್ಲ.

ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಬದಲಿಸುವುದಾದರೆ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟೇಜ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳರೋಧ ಕಡಿಮೆ ಇರುವುದು). ಎಸ್‌ಎಂಪಿಎಸ್ ಡಬ್ಬ ಮಾತ್ರ ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು.

ಬಯೋಸ್‌ಮೂರ್ತಿ:
ದಿನಾಂಕ ಹಿಂದಕ್ಕೆ ಹೋಗುವುದು ಮದರ್‌ಬೋರ್ಡಿನ ಸಿಆರ್2032 ಸೆಲ್ಲಿನಿಂದ, ಆಫ್ ಆಗುವುದಕ್ಕೆ ಅದು ಕಾರಣವಲ್ಲ. 3 ವೋಲ್ಟಿನದು 2.7ಕ್ಕಿಂತ ಇಳಿದಿದ್ದರೆ ಬಿಸಾಕಿ. ರ‍್ಯಾಮ್ ಕೆಟ್ಟರೆ ಸಾಮಾನ್ಯವಾಗಿ ನೀಲಿ ಪರದೆ ಇಲ್ಲ ಹ್ಯಾಂಗು, ಹೀಗೆ ಪೂರ್ತಿ ಆರುವುದು ಅಪರೂಪ. ಆದರೂ ಕೊನೆಗೊಮ್ಮೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ. ತಪ್ಪು ತೋರಿಸಿದರೆ ಒಂದೊಂದೇ ರ‍್ಯಾಮ್ ಹಾಕಿ ನೋಡಿ.

ಹಳೇಡಬ್ಬ:
ಇಮೇಜ್ ಬಂತು, 40 ಕೆಬಿ ಮಾತ್ರ ಓದಲಾಗಲಿಲ್ಲ. ಹೀಟ್‌ಸಿಂಕ್ ಗಟ್ಟಿಯಾಗಿದೆ, ಕೆಪಾಸಿಟರ್ ಉಬ್ಬಿಲ್ಲ. ಬೇರೆ ಡಿಸ್ಕ್ ಹಾಕಿ ಅಳೆದೆ: ಹಳದಿ ಸುಮ್ಮನಿದ್ದಾಗ 11.9, ವಿಡಿಯೊದಲ್ಲಿ 11.1. ಹಳೇ ಡಿಸ್ಕನ್ನು ಬಳಸಬಹುದಾ?

ಬೆಸುಗೆಕಡ್ಡಿ:
11.1 ಅಂದರೆ ಎಸ್‌ಎಂಪಿಎಸ್ ಬದಲಿಸಿ. ಹೊಸದರಲ್ಲಿ 24 ಪಿನ್ನಿನ ಜೊತೆ ಪ್ರೊಸೆಸರಿನ 4 ಪಿನ್ ಕನೆಕ್ಟರನ್ನೂ ಹಾಕಬೇಕು, ಬಿಟ್ಟರೆ ಫ್ಯಾನ್ ತಿರುಗಿದರೂ ಡಿಸ್‌ಪ್ಲೇ ಬರಲ್ಲ.

ತಿರುಪುಳಿ:
ಡಿಸ್ಕ್ ವಿಚಾರ: ಇಮೇಜಿನಿಂದ ಫೋಟೊಗಳು ತೆರೆಯುತ್ತವೆ ಅಂತ ಖಾತ್ರಿಯಾದ ಮೇಲೆ ಇಡೀ ಡಿಸ್ಕಿಗೆ ಸೊನ್ನೆ ಬರೆಸಿ. 197 ಸೊನ್ನೆಗೆ ಇಳಿದು ಸ್ಮಾರ್ಟ್ ವರದಿಯ 5ನೇ ಸಾಲು (ಕೆಟ್ಟಿದ್ದಕ್ಕೆ ಬದಲಿ ಕೊಟ್ಟ ಸೆಕ್ಟರ್‌ಗಳ ಎಣಿಕೆ) ಏರದಿದ್ದರೆ, ಬರೆಯುವಾಗ ಪವರ್ ಹೋಗಿ ಕೆಟ್ಟ ಸೆಕ್ಟರ್‌ಗಳಿರಬೇಕು. ಕಳೆದುಹೋದರೂ ಪರವಾಗಿಲ್ಲ ಅನ್ನುವ ಫೈಲಿಗೆ ಇಟ್ಟುಕೊಳ್ಳಿ. 5 ಏರಿದರೆ ಮತ್ತೆ ಹಾಕಲೇಬೇಡಿ.