ಅಪ್‌ಡೇಟ್: 8 ತಿಂಗಳ ಮಗಳ ಹಗಲು ನಿದ್ದೆ ಕೊನೆಗೂ ಹಳಿಗೆ ಬಂದಿದೆ

8 ತಿಂಗಳ ಮಗಳು ಹಗಲಿನಲ್ಲಿ ಮಲಗಿದ ಅರ್ಧ ಗಂಟೆಗೇ ಎದ್ದು ಅಳುತ್ತಾಳೆ, ಏನು ಮಾಡಲಿ ಎಂದು 12 ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಫಲ ಕೊಟ್ಟದ್ದು ಮಲಗಿಸುವ ಹೊತ್ತನ್ನೇ ಬದಲಿಸಿ ಎಂಬ ಸಲಹೆ. ನಾನು ಹಳೆಯ ಅಭ್ಯಾಸದಂತೆ 2 ಗಂಟೆಗೊಮ್ಮೆ ಮಲಗಿಸುತ್ತಿದ್ದೆ. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಗಂಟೆ ಎಚ್ಚರವಿರಬಲ್ಲರೆಂದು ಒಬ್ಬರು ಬರೆದಿದ್ದರಿಂದ, ದಿನಕ್ಕೆ 10 ನಿಮಿಷದಂತೆ ಅಂತರವನ್ನು ಹೆಚ್ಚಿಸುತ್ತಾ ಹೋಗಿ, ಈಗ ಬೆಳಿಗ್ಗೆ 9.30ಕ್ಕೆ ಮತ್ತು ಮಧ್ಯಾಹ್ನ 2ಕ್ಕೆ, ಹೀಗೆ ಎರಡೇ ಬಾರಿ ಮಲಗಿಸುತ್ತಿದ್ದೇನೆ. ಏಳನೆಯ ದಿನ ಅವಳು ಮೊದಲ ಬಾರಿಗೆ 1 ಗಂಟೆ 20 ನಿಮಿಷ ಮಲಗಿದಳು. ಅಭ್ಯಾಸವಿಲ್ಲದ ನಾನು ಗಾಬರಿಯಿಂದ, ಉಸಿರಾಡುತ್ತಿದ್ದಾಳೆಯೇ ಎಂದು ಎರಡು ಸಲ ಹೋಗಿ ನೋಡಿ ಬಂದೆ.

ಮಲಗುವ ಮುನ್ನ ಹೆಚ್ಚು ರಾಗಿ ಸರಿ ತಿನ್ನಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿದ್ದು ಕೊಂಚ ನೆರವಾಯಿತಾದರೂ ಕುಕ್ಕರಿನ ಸೀಟಿಗೆ ಪರದೆಯಿಂದ ಪರಿಹಾರವಿಲ್ಲ. ಅಡುಗೆಯನ್ನೇ 9 ಗಂಟೆಯೊಳಗೆ ಮುಗಿಸುತ್ತಿದ್ದೇವೆ. ಅತ್ತೆಯವರು ಕಟ್ಟಿಕೊಟ್ಟ ಸೀರೆಯ ಜೋಲಿಯಲ್ಲಿ ತೂಗುವಷ್ಟು ಹೊತ್ತು ಮಾತ್ರ ನಿದ್ದೆ ಬರುತ್ತಿತ್ತು. ಅಲ್ಲದೆ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸುವುದೇ ಸುರಕ್ಷಿತವೆಂದು ಮಕ್ಕಳ ವೈದ್ಯರು ಹೇಳಿದರು.

ಅಚ್ಚರಿಯ ಸಂಗತಿಯೆಂದರೆ, ಹಗಲು ಹೆಚ್ಚು ಮಲಗಿದರೆ ರಾತ್ರಿಯ ನಿದ್ದೆ ಕೆಡುತ್ತದೆಂದು ನಾನು ಹೆದರಿದ್ದರೂ, ರಾತ್ರಿ ನಾಲ್ಕು ಸಲ ಏಳುತ್ತಿದ್ದವಳು ಈಗ ಎರಡೇ ಸಲ ಏಳುತ್ತಾಳೆ. ಸಂಜೆ 5ರ ನಂತರದ ಕಿರಿಕಿರಿ ಮಾತ್ರ ಇನ್ನೂ ಹೋಗಿಲ್ಲವಾದ್ದರಿಂದ, ಸದ್ಯಕ್ಕೆ ರಾತ್ರಿ 7ಕ್ಕೇ ಮಲಗಿಸುತ್ತಿದ್ದೇವೆ.